ಪೈಲಟ್ ಇಲಿಯಾಸನ ಹತ್ತು ಕಿಲೋಮೀಟರ್

ಐದನೆಯ ಪುರಿ ತಟ್ಟೆಗೆ ಬಿದ್ದಾಗಲೂ ಇಲಿಯಾಸ ಬೇಡವೆನ್ನಲಿಲ್ಲ.

"ತಿನ್ನಪಾ, ತಿನ್ನು," ಎಂದು ಗೂಡುಸಾಬ ಬಟಾಟೆ ಭಾಜಿಯ ಬಟ್ಟಲನ್ನು ಅವನತ್ತ ಸರಿಸಿದ. "ದೂರದ ಭಾಡಿಗಿ ಇದ್ದಾಗ ಟಾಕಿ ಫುಲ್ ಮಾಡಿಕೊಂಡ ಹೊಂಡಬೇಕು. ಅರ್ಧ ದಾರ್‍ಯಾಗ ಗಾಡಿ ಬಂದ್ ಬಿದ್ರ ನೂಕಾಂವ ಯಾರು?"

ಬೆಳಗಿನ ಐದೂವರೆಯ ಹೊತ್ತು. ವಾಸ್ಕೋ ಬಸ್ ನಿಲ್ದಾಣದ ಎದುರಿನ ಗಾಡಿ ಹೋಟೆಲಿನಲ್ಲಿ ಕುಳಿತಿದ್ದ ನಾಲ್ವರೂ ಪೈಲಟ್‌ಗಳೇ. ಮೋಟಾರ್‌ಸೈಕಲ್ಲಿನ ಹಿಂದೆ ಬಾಡಿಗೆಯವರನ್ನು ಕೂರಿಸಿಕೊಂಡು ಹೋಗುವವರಿಗೆ ಗೋವೆಯಲ್ಲಿ ಅದೇ ಹೆಸರು. ಇಲಿಯಾಸ ಆ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಮುದ್ದೇಬಿಹಾಳದಿಂದ ಬಂದಾಗ ಬೆಲ್ಟಿನ ಕೊನೆಯ ತೂತೂ ಅವನ ಸೊಂಟಕ್ಕೆ ಸಡಿಲವಾಗುತ್ತಿತ್ತು. ಈಗ ಪೆಟ್ರೋಲ್ ಟಾಕಿಯ ಮೇಲೆ ಅವನ ಹೊಟ್ಟೆ ಇನ್ನೊಬ್ಬ ಸವಾರನಂತೆ ಕೂತಿರುತ್ತಿತ್ತು. ಮಂಗೋರ್ ಹಿಲ್ಲಿನ ಮನೆಯಿಂದ ನೂರು ಹೆಜ್ಜೆ ದೂರದ ಅಂಗಡಿಯಿಂದ ಹಾಲು ತರುವುದಕ್ಕೂ ಅವನು ಗಾಡಿಗೆ ಕಿಕ್ ಹೊಡೆಯುತ್ತಿದ್ದ.

ಅಂಥವನು ಇಂದು ಎದೆಗೆ ನಂಬರಿನ ಕಾಗದವನ್ನು ಪಿನ್ನಿನಿಂದ ಚುಚ್ಚಿಕೊಂಡು ಹತ್ತು ಕಿಲೋಮೀಟರ್ ಓಡಲು ಹೊರಟಿದ್ದ. ಇದಕ್ಕೆ ಅವನ ಬಾಯಿಯೇ ಕಾರಣ.

ತಿಂಗಳ ಹಿಂದೆ ಶಾಲೆಯ ಆಟದ ಟೀಚರು ಸುರೇಖಾ ಮನೆಗೆ ಬಂದಿದ್ದರು. ಇಲಿಯಾಸನ ಮಗಳು ಕೈನಾತ ಓಟದಲ್ಲಿ ಆಯ್ಕೆಯಾಗಿದ್ದಳು. ಫೋಂಡಾದ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತ್ತು. ತಂದೆಯ ಸಹಿ ಒಂದು ಬೇಕಾಗಿತ್ತು. ಇಲಿಯಾಸ ಫಾರ್ಮನ್ನು ತಿರುವಿ ನೋಡಿ ಕೆಳಗಿಟ್ಟ. ಬೆನ್ನ ಹಿಂದೆ ಕುಳಿತ ಗಂಡಸರು ಫೋನಿನಲ್ಲಿ ಹೆಣ್ಣುಮಕ್ಕಳ ಬಗ್ಗೆ ಆಡುವ ಮಾತುಗಳನ್ನು ಇಪ್ಪತ್ತೆರಡು ವರ್ಷ ಕೇಳಿಸಿಕೊಂಡವನು ಅವನು. ಹದಿನಾರರ ಹುಡುಗಿಯನ್ನು ಬೇರೆ ಊರಲ್ಲಿ ಬಿಡುವ ಧೈರ್ಯ ಅವನಿಗಿರಲಿಲ್ಲ. ಆದರೆ ಅದನ್ನು ಟೀಚರ ಮುಂದೆ ಹೇಗೆ ಹೇಳುವುದು? ಹಾಗಾಗಿ ಬೇರೇನನ್ನೋ ಹೇಳಿದ.

"ಓಡೂದೇನ್ ದೊಡ್ಡ ವಿದ್ಯಾ ಅಂತ ಹಾಸ್ಟೆಲ್‌ನ್ಯಾಗ ಇಟ್ಟು ಕಲಸತಾರ್‍ರಿ ಮೇಡಂ? ದಿನಾ ನೂರಾ ಇಪ್ಪತ್ತ ಕಿಲೋಮೀಟರ್ ಹೊಡಿತೀನಿ ನಾನು."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ಚಮನಬಿ ತಲೆ ಎತ್ತದೆ ಅಂದಳು: "ಅದನ್ನ ಇಂಜಿನ್ ಹೊಡಿತೈತಿ. ನೀವು ಬರೇ ಕುಂದ್ರತೀರಿ."

ಸುರೇಖಾ ನಕ್ಕುಬಿಟ್ಟರು. ಅವರು ನಗದೆ ಇದ್ದಿದ್ದರೆ ಇಲಿಯಾಸ ಮುಂದಿನ ಮಾತು ಆಡುತ್ತಿರಲಿಲ್ಲವೇನೋ. "ಬರೂ ತಿಂಗಳ ಚಿಕಾಲಿಂದಾಗ ರೇಸ್ ಐತಲ್ಲ, ಹತ್ತ ಕಿಲೋಮೀಟರ್‌ದು. ನಾನೂ ಓಡತೀನಿ. ಟಾಯಮಿನ್ಯಾಗ ಮುಗಿಸಿದ್ನೆಂದ್ರ ಹಾಸ್ಟೆಲ್ ಮಾತು ಈ ಮನ್ಯಾಗ ಮತ್ತ ತೆಗಿಬಾರ್ದು. ಮುಗಿಸಲಿಲ್ಲ, ಅಲ್ಲೇ ನಿಂತು ಸಹಿ ಮಾಡತೀನಿ."

ಮರುದಿನ ಕೈನಾತ ಶಾಲೆಯಿಂದ ಬರುವಾಗ ರೇಸಿನ ಪಟ್ಟಿಯಲ್ಲಿ ಅಪ್ಪನ ಹೆಸರನ್ನೂ ತನ್ನ ಹೆಸರಿನ ಕೆಳಗೆ ಬರೆಸಿಕೊಂಡು ಬಂದಿದ್ದಳು.

ಚಿಕಾಲಿಂ ಮೈದಾನದಿಂದ ಹೊರಟು, ನದಿಯ ಪಕ್ಕದ ರಸ್ತೆಯಲ್ಲಿ ಐದು ಕಿಲೋಮೀಟರ್ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗಬೇಕು. ಆರೂವರೆಗೆ ಓಟ ಶುರು. ಎಂಟು ಹತ್ತಕ್ಕೆ ಗೇಟು ಬಂದ್. ಇಲಿಯಾಸನಿಗೆ ಆ ರಸ್ತೆಯ ಒಂದೊಂದು ಗುಂಡಿಯೂ ಗೊತ್ತಿತ್ತು. ಗಾಡಿಯ ಮೇಲೆ ಹೋಗಿ ಬರಲು ಹದಿನೆಂಟು ನಿಮಿಷ ಸಾಕು. ಎಷ್ಟೇ ನಿಧಾನ ಮಾಡಿದರೂ ನೂರು ನಿಮಿಷ ಬೇಕೇ?

ಸ್ಟ್ಯಾಂಡಿನಲ್ಲಿ ಬಸ್ಸು ಬಂದು ನಿಂತಾಗ ಪೈಲಟ್‌ಗಳೆಲ್ಲ ಬಾಗಿಲ ಮುಂದೆ ನುಗ್ಗುತ್ತಾರೆ. ಮೊದಲು ಮುಖ ತೋರಿಸಿದವನಿಗೆ ಬಾಡಿಗೆ. ಆ ಅಭ್ಯಾಸದಲ್ಲೇ ಇಲಿಯಾಸ ಮೈದಾನದಲ್ಲೂ ಸಂದಿಯಲ್ಲಿ ತೂರಿಕೊಂಡು ಎಲ್ಲರಿಗಿಂತ ಮುಂದೆ, ಓಟ ಶುರುವಾಗುವ ಗೆರೆಯ ಹತ್ತಿರ ಹೋಗಿ ನಿಂತ. ಅಕ್ಕಪಕ್ಕದಲ್ಲಿ ಒಣಗಿದ ಮೀನಿನಂತೆ ಬಿಗಿದುಕೊಂಡ ಹುಡುಗರು. ಹಿಂದಿನ ಸಾಲಿನಲ್ಲಿ ಪೂರ್ತಿ ತೋಳಿನ ಅಂಗಿ ಹಾಕಿ, ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿದ್ದ ಕೈನಾತ ಕೈ ಬೀಸಿ ಅವನನ್ನು ಹಿಂದಕ್ಕೆ ಕರೆದಳು. ಅವನು ನೋಡಿಯೂ ನೋಡದವನಂತೆ ಇದ್ದ.

ಸೀಟಿ ಊದಿದ ಕೂಡಲೇ ಹುಡುಗರು ಬಾಣದಂತೆ ಹೋದರು. ಅವರ ನಡುವೆ ಸಿಕ್ಕವನಿಗೆ ನಿಧಾನ ಮಾಡಲು ದಾರಿಯೇ ಇರಲಿಲ್ಲ. ಮೊದಲ ಕಿಲೋಮೀಟರಿನ ಬೋರ್ಡನ್ನು ಅವನು ಆರು ನಿಮಿಷದಲ್ಲಿ ದಾಟಿದ. ಎರಡನೆಯದು ಕಾಣುವ ಮೊದಲೇ ಪಕ್ಕೆಯಲ್ಲಿ ಚೂರಿ ಹಾಕಿದಂತಾಯಿತು. ಐದೂ ಪುರಿಗಳು ಹೊಟ್ಟೆಯೊಳಗೆ ಜಗಳಕ್ಕೆ ನಿಂತಿದ್ದವು. ಗಾಡಿಯ ಮೇಲೆ ಸಪಾಟಾಗಿದ್ದ ರಸ್ತೆ ಈಗ ಮೆಲ್ಲಗೆ ಏರುತ್ತಿತ್ತು. ಇಲ್ಲಿ ಏರು ಯಾವಾಗ ಬಂತು? ಇಷ್ಟು ವರ್ಷ ಮೂರನೆಯ ಗೇರಿನಲ್ಲಿ ಏನೂ ತಿಳಿಯದೆ ಹೋಗುತ್ತಿದ್ದ ಜಾಗವದು.

ಅವನು ನಡೆಯತೊಡಗಿದ. ಮುದುಕರು ದಾಟಿ ಹೋದರು. ತಳ್ಳುಗಾಡಿಯಲ್ಲಿ ಕೂಸನ್ನು ಮಲಗಿಸಿಕೊಂಡ ತಾಯಿಯೊಬ್ಬಳೂ ದಾಟಿ ಹೋದಳು.

ಒಂದು ಹಳೆಯ ಮನೆಯ ಗೇಟಿನ ಮುಂದೆ, ಹೂವಿನ ಗೌನು ತೊಟ್ಟ ಅಜ್ಜಿಯೊಬ್ಬಳು ಜಗ್ಗು ಹಿಡಿದು ನಿಂತಿದ್ದಳು. ಲೋಟವನ್ನು ಇಲಿಯಾಸನ ಕೈಗೆ ಕೊಡಲಿಲ್ಲ. ತಾನೇ ಹಿಡಿದು ಕುಡಿಸಿದಳು. "ಸವಕಾಸ್, ಬಾಬಾ, ಸವಕಾಸ್," ಅಂದಳು. ನಿಧಾನ, ನಿಧಾನ. ಅವನ ಗದ್ದದಿಂದ ಇಳಿದ ನೀರು ತನ್ನ ತೋಳಿಗೆ ತಾಗಿದರೂ ಅವಳು ಸರಿಯಲಿಲ್ಲ.

ಲೋಟದಿಂದ ಮುಖ ಎತ್ತಿದಾಗ ಎದುರಿನಿಂದ ಕೈನಾತ ಬರುತ್ತಿದ್ದಳು.

ಅವಳು ಆಗಲೇ ಅರ್ಧ ಮುಗಿಸಿ ಹಿಂದಿರುಗುತ್ತಿದ್ದಳು. ಮಗಳು ಓಡುವುದನ್ನು ಇಲಿಯಾಸ ನೋಡಿದ್ದೇ ಅದು ಮೊದಲು. ಶಾಲೆಯ ಮೈದಾನಕ್ಕೆ ಎಷ್ಟೋ ಸಲ ಬಿಟ್ಟು ಬಂದಿದ್ದ; ಎಂದೂ ನಿಂತು ನೋಡಿರಲಿಲ್ಲ. ಅವಳ ಹೆಜ್ಜೆಗಳು ಸದ್ದೇ ಮಾಡುತ್ತಿರಲಿಲ್ಲ. ಮನೆಯಲ್ಲಿ ತಮ್ಮನೊಡನೆ ಕಿತ್ತಾಡುವ, ಸಾರಿಗೆ ಉಪ್ಪು ಸಾಲದೆಂದು ಮುಖ ಊದಿಸುವ ಹುಡುಗಿ ಇವಳೇನಾ ಅನ್ನಿಸಿತು. ಸೂಜಿಗೆ ದಾರ ಪೋಣಿಸುವಾಗ ಚಮನಬಿಯ ಮುಖ ಹೀಗಿರುತ್ತದೆ. ಜಗತ್ತಿನಲ್ಲಿ ಬೇರೇನೂ ಇಲ್ಲವೆಂಬಂತೆ. ಆದರೂ ಹತ್ತಿರ ಬಂದಾಗ ಮಗಳ ಕಣ್ಣು ಅವನನ್ನು ಹುಡುಕಿತು.

"ಅಬ್ಬಾ, ಸಣ್ಣ ಹೆಜ್ಜಿ! ಸಣ್ಣ ಹೆಜ್ಜಿ ಇಡ್ರಿ!" ಎಂದು ಕೂಗುತ್ತಲೇ ದಾಟಿ ಹೋದಳು. ಇಲಿಯಾಸ ಹೊರಳಿ ನಿಂತು, ತಿರುವಿನಲ್ಲಿ ಅವಳು ಮರೆಯಾಗುವವರೆಗೂ ನೋಡಿದ.

ಏಳನೆಯ ಕಿಲೋಮೀಟರಿನ ಬೋರ್ಡಿನ ಹತ್ತಿರ ಒಂದು ಮೋರಿಯ ಕಟ್ಟೆ ಇತ್ತು. ಅಲ್ಲಿಯವರೆಗೆ ಹೇಗೆ ಬಂದನೋ ಅವನಿಗೇ ನೆನಪಿರಲಿಲ್ಲ. ಕಟ್ಟೆಯ ಮೇಲೆ ಕುಸಿದು ಕೂತ. ಎಲ್ಲರಿಗಿಂತ ಹಿಂದೆ ಉಳಿದವರನ್ನು ಹತ್ತಿಸಿಕೊಂಡು ಬರುವ ಬಿಳಿ ವ್ಯಾನು ಮೆಲ್ಲಗೆ ಬಂದು ಅವನ ಪಕ್ಕದಲ್ಲಿ ನಿಂತಿತು. ಒಳಗೆ ಆಗಲೇ ಇಬ್ಬರು ತಲೆಗೆ ಟವೆಲ್ ಹಾಕಿಕೊಂಡು ಕುಳಿತಿದ್ದರು. ಚಾಲಕ ಬಾಗಿಲನ್ನು ಸರಿಸಿದ.

ಅಷ್ಟರಲ್ಲಿ ಎದುರಿನಿಂದ ಯಾರೋ ಓಡುತ್ತ ಬಂದರು. ಕೈನಾತ.

"ಅಬ್ಬಾ, ಏಳ್ರಿ."

"ನೀ ಯಾಕ ತಿರುಗಿ ಬಂದಿ? ನಿಂದು ಮುಗೀಲಿಲ್ಲೇನು?"

"ಮುಗೀತು."

"ಎಷ್ಟನೇದಾಕಿ?"

"ಆಮ್ಯಾಲ ಹೇಳತೀನಿ. ಮೊದಲ ಏಳ್ರಿ."

ಇಲಿಯಾಸ ವ್ಯಾನಿನ ಬಾಗಿಲಿನ ಕಡೆ ಕೈ ಮಾಡಿದ. "ಇದರಾಗ ಕುಂತು ಬರತೀನಿ ಬಿಡು. ನಿನಗೂ ಅದ ಚಲೋ ಅಲ್ಲೇನು? ಸಹಿ ಮಾಡತೀನಿ ಅಂದೇನಿ. ಮಾಡತೀನಿ."

ಕೈನಾತಳ ಮುಖ ಕೆಂಪಾಯಿತು. "ಗೇಟಿನ ಮುಂದ ನಿಮ್ಮ ಸ್ಟ್ಯಾಂಡಿನವರೆಲ್ಲಾ ನಿಂತಾರ. ಅಮ್ಮೀನೂ ಬಂದಾಳ. ನೀವು ಈ ಗಾಡ್ಯಾಗಿಂದ ತಲಿ ತಗ್ಗಿಸಿಕೊಂಡು ಇಳಿಯೂದು ನಂಗ ನೋಡಾಕ ಆಗೂದಿಲ್ಲ. ಏಳ್ರಿ ಅಂದ್ರ ಏಳ್ರಿ."

"ನಾ ಮುಗಿಸಿದ್ರ ನಿನ್ನ ಹಾಸ್ಟೆಲ್ಲು ಹೋತಲ್ಲೇ?"

"ಗೊತ್ತೈತಿ." ಅವಳು ಒಂದು ಕ್ಷಣ ನದಿಯ ಕಡೆ ನೋಡಿದಳು. ಆಮೇಲೆ ಅವನ ಎರಡೂ ಕೈ ಹಿಡಿದು ಎಳೆದಳು. "ಅರ್ಧ ತಾಸ ಐತಿ, ಮೂರ ಕಿಲೋಮೀಟರ್ ಐತಿ. ಎರಡು ಲೈಟಿನ ಕಂಬದ ತನಕ ಓಡೂದು, ಒಂದ ಕಂಬದ ತನಕ ನಡಿಯೂದು. ಬರ್‍ರಿ."

ಚಾಲಕ ಕಿಟಕಿಯಿಂದ ತಲೆ ಹಾಕಿದ. "ಯಾವೂರ್‍ರೀ ಅಣ್ಣಾರ?"

"ಮುದ್ದೇಬಿಹಾಳ."

"ನಾ ತಾಳಿಕೋಟಿಯಾಂವ." ಅವನು ಗಡಿಯಾರ ನೋಡಿಕೊಂಡ. ಇಂಜಿನ್ ಬಂದ್ ಮಾಡಿದ. "ರೇಡಿಯೇಟರಿಗಿ ಒಂಚೂರು ನೀರ ಹಾಕೂದೈತಿ. ನನ್ನ ಗಾಡಿ ನಿಮ್ಮನ್ನ ದಾಟಿದ್ರ ನೀವು ಔಟು. ನೀವ ಮುಂದ ನಡೀತಿರ್‍ರಿ."

ಇಲಿಯಾಸನಿಗೆ ಗಾಡಿಗಳ ವಿಷಯ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಸ ವ್ಯಾನು, ಬೆಳಗಿನ ತಂಪಿನಲ್ಲಿ ಏಳು ಕಿಲೋಮೀಟರ್ ತೆವಳಿದೆ. ಅದಕ್ಕೆಂಥ ನೀರು? ಎರಡನೆಯ ಕಂಬದ ಹತ್ತಿರ ಹೊರಳಿ ನೋಡಿದಾಗ ಆ ಪುಣ್ಯಾತ್ಮ ಬಾನೆಟ್ ಎತ್ತಿಕೊಂಡು, ಬಾಟಲಿಯ ನೀರನ್ನು ತುಳಸಿಗೆ ಹಾಕುವಂತೆ ಸಣ್ಣಗೆ ರಸ್ತೆಗೆ ಸುರಿಯುತ್ತ ನಿಂತಿದ್ದ.

ಎರಡು ಕಂಬ ಓಟ, ಒಂದು ಕಂಬ ನಡಿಗೆ. ಕೈನಾತ ಅವನಿಗಿಂತ ಅರ್ಧ ಹೆಜ್ಜೆ ಮುಂದೆ, ಗಾಳಿ ಬರುವ ಬದಿಯಲ್ಲಿ ಓಡುತ್ತಿದ್ದಳು. ಆ ಅರ್ಧ ಹೆಜ್ಜೆಯನ್ನು ಹೆಚ್ಚಿಸಲೂ ಇಲ್ಲ, ಕಡಿಮೆ ಮಾಡಲೂ ಇಲ್ಲ. ಅವನು ಎಡವಿದಾಗ ಹಿಡಿದಳು. ಹಿಡಿದದ್ದನ್ನು ಯಾರೂ ನೋಡದಂತೆ ಬಿಟ್ಟಳು. ಸ್ಕೂಟರಿನ ಮೇಲೆ ಹೋಗುತ್ತಿದ್ದ ಇಬ್ಬರು ಹುಡುಗರು ವೇಗ ಕಡಿಮೆ ಮಾಡಿ, "ಅಂಕಲ್, ಛೋಕರೀಕೋ ಛೋಡ್ಕೆ ಘರ್ ಜಾವ್!" ಎಂದು ಹಲ್ಲು ಕಿಸಿದರು. ಹುಡುಗಿಯನ್ನು ಇಲ್ಲೇ ಬಿಟ್ಟು ನೀನು ಮನೆಗೆ ಹೋಗು. ಇಲಿಯಾಸನ ಮುಷ್ಟಿ ಬಿಗಿಯಾಯಿತು. ಕೈನಾತಳ ಕತ್ತು ಒಂದಿಂಚೂ ಹೊರಳಲಿಲ್ಲ.

"ಕೇಳಸಲಿಲ್ಲೇನ ನಿನಗ?" ಅವನು ಏದುಸಿರಿನಲ್ಲಿ ಕೇಳಿದ.

"ಕೇಳಸ್ತು."

"ಮತ್ತ?"

"ದಿನಾ ಇರತಾವ ಅಬ್ಬಾ ಇಂಥವು. ನಿಂತು ಜವಾಬ ಕೊಟ್ರ ನನ್ನ ಟಾಯಂ ಹೋಗತೈತಿ. ಅವರದೇನ ಹೋಗತೈತಿ?" ಎಂದವಳೇ, "ಈ ಕಂಬ ಬಿಟ್ಟು ಇನ್ನೊಂದು. ಮಾತಾಡಬ್ಯಾಡ್ರಿ," ಅಂದಳು.

ದಿನವೂ. ಇಲಿಯಾಸ ಆ ಮಾತನ್ನು ಎರಡು ಕಂಬಗಳವರೆಗೆ ಹೊತ್ತುಕೊಂಡು ಓಡಿದ. ಮಂಗೋರ್ ಹಿಲ್ಲಿನ ಸಂದಿಗಳಲ್ಲಿ, ತನ್ನ ಸ್ಟ್ಯಾಂಡಿನ ಮುಂದೆಯೇ ಇರಬಹುದು, ದಿನವೂ ಇದನ್ನು ಕೇಳಿ, ಮನೆಗೆ ಬಂದು ಏನೂ ಹೇಳದೆ ರೊಟ್ಟಿ ತಿಂದು, ಮರುದಿನ ಐದಕ್ಕೆ ಮತ್ತೆ ಎದ್ದು ಬೂಟು ಕಟ್ಟಿಕೊಂಡಿದ್ದಾಳೆ. ಅವನ ಕಾಲುಗಳು ಮರದ ಕೊರಡುಗಳಾಗಿದ್ದವು. ಕಣ್ಣಿಗೆ ಬೆವರು ಇಳಿದು ರಸ್ತೆ ಅಲುಗುತ್ತಿತ್ತು. ಆದರೂ ಆ ಅರ್ಧ ಹೆಜ್ಜೆ ಮುಂದಿನ ಬೆನ್ನನ್ನು ಅವನು ಬಿಡಲಿಲ್ಲ.

ಮೈದಾನದ ಗೇಟಿನಲ್ಲಿ ಇಬ್ಬರು ಹುಡುಗಿಯರು ದಾರಿ ಬಂದ್ ಮಾಡಲು ಆಗಲೇ ಹಗ್ಗ ಹಿಡಿದು ನಿಂತಿದ್ದರು. ಅವನನ್ನು ಕಂಡದ್ದೇ ಗೂಡುಸಾಬ ಅವರಿಬ್ಬರ ನಡುವೆ ಹೋಗಿ, "ತಡೀರ್‍ರೆವ್ವಾ, ನಮ್ಮ ವಿಮಾನ ಇಳಿಯಾಕತ್ತೈತಿ!" ಎಂದು ಕೂಗಿದ. ಪೈಲಟ್‌ಗಳೆಲ್ಲ ಹೋ ಎಂದರು. ಚಮನಬಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಕೊನೆಯ ಹತ್ತು ಮಾರಿನಲ್ಲಿ ಕೈನಾತ ಪಕ್ಕಕ್ಕೆ ಸರಿದು ಅವನೊಬ್ಬನನ್ನೇ ಮುಂದೆ ಬಿಟ್ಟಳು. ಇಲಿಯಾಸ ಗೆರೆ ದಾಟಿದಾಗ ಎಂಟು ಗಂಟೆ ಒಂಬತ್ತು ನಿಮಿಷ.

"ಗೆದ್ದೆಲ್ಲೋ ಮಗನ!" ಗೂಡುಸಾಬ ಅವನ ಬೆನ್ನಿಗೆ ಗುದ್ದಿದ. "ಇನ್ನ ಮಗಳು ಮನೀ ಬಿಟ್ಟ ಎಲ್ಲೂ ಹೋಗೂದಿಲ್ಲ. ಮಾತ ಅಂದ್ರ ಮಾತು!"

ಬಲಗಾಲಿನ ಮೀನಖಂಡ ಗಂಟುಕಟ್ಟಿ, ಇಲಿಯಾಸ ಹುಲ್ಲಿನ ಮೇಲೆ ಕೂತುಬಿಟ್ಟಿದ್ದ. ಕೈನಾತ ಅವನೆದುರು ಮಂಡಿಯೂರಿ, ಬೂಟು ಬಿಚ್ಚಿ, ಹಿಮ್ಮಡಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನು ಹಿಂದಕ್ಕೆ ಒತ್ತತೊಡಗಿದಳು. ಅವಳ ತಲೆ ಬಗ್ಗಿತ್ತು. ಗೂಡುಸಾಬನ ಮಾತು ಕೇಳಿಸಿದ್ದಕ್ಕೆ ಅವಳ ಕೈಯಲ್ಲೇನೂ ಗುರುತಿರಲಿಲ್ಲ.

ಸುರೇಖಾ ಟೀಚರು ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಅವರ ಕೈಯಲ್ಲಿ ಒಂದು ಪದಕವಿತ್ತು. "ಎಲ್ಲಿ ಹೋಗಿದ್ದೆವ್ವಾ ನೀನು? ಹುಡುಗ್ಯಾರಾಗ ಎರಡನೇ ನಂಬರು ಅಂತ ಸ್ಟೇಜ್ ಮ್ಯಾಲ ಮೂರ ಸಲ ಕರದ್ರು. ಹುಡುಗಿನ ಇಲ್ಲ. ನಾನ ಹೋಗಿ ಇಸಗೊಂಡೆ."

"ಅಲ್ಲಿ ಇಡ್ರಿ ಮೇಡಂ," ಅಂದಳು ಕೈನಾತ, ಕೈ ಬಿಡದೆ.

ಇಲಿಯಾಸ ಪದಕವನ್ನು ನೋಡಿದ. ಮಗಳ ನೆತ್ತಿಯನ್ನು ನೋಡಿದ.

"ಮೇಡಂ, ಆ ಫೋಂಡಾದ ಹಾಸ್ಟೆಲ್ಲಿನ್ಯಾಗ ರವಿವಾರ ಮನೀ ಮಂದಿನ ಒಳಗ ಬಿಡತಾರೇನ್ರಿ?"

"ಬಿಡತಾರ್‍ರಿ," ಅಂದರು ಸುರೇಖಾ. "ಹನ್ನೊಂದರಿಂದ ನಾಕರ ತನಕ."

"ಪ್ರತಿ ರವಿವಾರ?"

"ಪ್ರತಿ ರವಿವಾರ."

ಕೈನಾತಳ ಬೆರಳುಗಳು ಅವನ ಪಾದದ ಮೇಲೆ ನಿಂತುಹೋದವು. ಅವಳು ತಲೆ ಎತ್ತಲಿಲ್ಲ. ಆ ಕಾಲನ್ನು ಮೆಲ್ಲಗೆ ಹುಲ್ಲಿನ ಮೇಲೆ ಇಳಿಸಿ, ಇನ್ನೊಂದು ಕಾಲಿನ ಬೂಟಿಗೆ ಕೈ ಹಾಕಿದಳು. ಆ ಕಾಲು ನೋಯುತ್ತಿರಲಿಲ್ಲ. ಇಲಿಯಾಸ ಅದನ್ನು ಹೇಳಲಿಲ್ಲ. ಅವಳಿಗೆ ಅನುಕೂಲವಾಗುವಂತೆ ಇನ್ನಷ್ಟು ಮುಂದೆ ಚಾಚಿದ.