ಆರು ತಿಂಗಳ ಬೀಗ

ಉದಯ ಬಿದಿರು ಸೀಳುತ್ತಿದ್ದಾಗ ಕತ್ತಿ ಗಂಟಿನಲ್ಲಿ ಸಿಕ್ಕಿಕೊಂಡಿತು. ಅದನ್ನು ಯಾರು ತನ್ನ ಕೈಗೆ ಕೊಟ್ಟರೆಂಬುದೇ ಅವನಿಗೆ ಗೊತ್ತಾಗಿರಲಿಲ್ಲ. ದೂರದಿಂದ ಒಮ್ಮೆ ಮುಖ ನೋಡಿ ಹೊರಟುಬಿಡಬೇಕೆಂದು ಗೋಣಿಕೊಪ್ಪಲಿನಿಂದ ಬಾಳೆಲೆ ಊರಿಗೆ ಬಂದವನು ಈಗ ದೊಡ್ಡಪ್ಪ ಪೂವಯ್ಯನ ಚಟ್ಟ ಕಟ್ಟುತ್ತಿದ್ದ. ಈ ಅಂಗಳ ತುಳಿಯದೆ ಇಪ್ಪತ್ತು ವರ್ಷ ದಾಟಿತ್ತು.

"ಊರಲ್ಲಿ ಯಾರು ಸತ್ರೂ ಚಟ್ಟ ಕಟ್ಟುದು ಪೂವಯ್ಯಣ್ಣನೇ," ಎಂದ ಪಕ್ಕದ ತೋಟದ ನಂದೀಶ್, ಹಗ್ಗ ಬಿಗಿಯುತ್ತ. "ಅವರದ್ದು ಕಟ್ಟುಕೆ ಜನ ಹುಡುಕಬೇಕಾಯ್ತು ನೋಡು."

ತನ್ನ ಅಪ್ಪನ ಚಟ್ಟವನ್ನೂ ದೊಡ್ಡಪ್ಪನೇ ಕಟ್ಟಿದ್ದಿರಬೇಕು. ಉದಯ ಕತ್ತಿಯನ್ನು ಜಗ್ಗಿ ಎಳೆದ.

ಅಂಗಳದಲ್ಲಿ ಒಣಗಲು ಹಾಕಿದ್ದ ಕರಿಮೆಣಸನ್ನು ಒಂದು ಬದಿಗೆ ಗುಡಿಸಿ ಹೆಣಕ್ಕೆ ಜಾಗ ಮಾಡಿದ್ದರು. ದೊಡ್ಡವ್ವ ಪ್ರೇಮಾವತಿ ತಲೆಯ ಹತ್ತಿರ ಕೂತಿದ್ದಳು. ಅವಳ ತಮ್ಮ ದೇರಪ್ಪ ಮೊಬೈಲನ್ನು ಜೇಬಿಗೆ ಹಾಕುತ್ತ ಉದಯನ ಬಳಿ ಬಂದ.

"ಜೋಯಿಸರ ಹತ್ರ ಮಾತಾಡ್ದೆ. ನಕ್ಷತ್ರ ಸರಿ ಇಲ್ಲ. ಪಂಚಕದಲ್ಲಿ ಜೀವ ಹೋಗಿದೆ. ಆರು ತಿಂಗಳು ಮನೆ ಮುಚ್ಚಬೇಕಂತೆ, ಒಂದು ನರಪಿಳ್ಳೆ ಒಳಗೆ ಇರುಕಿಲ್ಲ."

"ದೊಡ್ಡವ್ವ?"

"ನಮ್ಮಲ್ಲಿಗೆ ಕರ್ಕೊಂಡು ಹೋಗುವ ಅಂದ್ರೆ ಸೊಸೆ ಬಸುರಿ. ಜೋಯಿಸರು ಬೇಡ ಅಂದ್ರು. ಎಸ್ಟೇಟಿನ ಕೂಲಿಯವರ ಲೈನಲ್ಲಿ ಒಂದು ರೂಮು ಖಾಲಿ ಉಂಟು. ಅಲ್ಲಿಯ ರೈಟರ್ ಒಪ್ಪಿದ್ದಾರೆ." ದೇರಪ್ಪ ಸೇರಿಸಿದ, "ಬಾವನಿಗೆ ಮಕ್ಕಳಿಲ್ಲ. ಕೊಳ್ಳಿ ಇಡುದು ನೀನೇ ಆಗ್ಬೇಕು."

"ನನ್ನಿಂದ ಆಗುದಿಲ್ಲ ಮಾವ."

ಮಾತು ಪ್ರೇಮಾವತಿಯ ಕಿವಿಗೂ ಬಿದ್ದಿತ್ತು. ಕೂತಲ್ಲಿಂದಲೇ ಹೇಳಿದಳು: "ಅವನಿಗೆ ಒತ್ತಾಯ ಮಾಡ್ಬೇಡ ದೇರಪ್ಪ. ನಾನೇ ಇಡ್ತೇನೆ."

*

ಮನೆ ಬಿಟ್ಟಾಗ ಉದಯನಿಗೆ ಇಪ್ಪತ್ತೊಂದು. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು; ಅವನನ್ನು ಸಾಕಿದವಳು ಈ ದೊಡ್ಡವ್ವ. ಡಿಗ್ರಿಯ ಕೊನೆಯ ಪರೀಕ್ಷೆ ಹತ್ತಿರ ಬಂದಿದ್ದಾಗ ಅಪ್ಪ ಹಾಸಿಗೆ ಹಿಡಿದ. ಡಾಕ್ಟರರು ಶ್ವಾಸಕೋಶ ಎಂದರು. ಪೂವಯ್ಯ ಪಂಚಾಂಗ ತೆಗೆದ. ಅವನು ಕಸುಬಿನ ಜೋಯಿಸನಲ್ಲ; ತಾನೇ ಓದಿ ಕಲಿತವನು. ನಾಟಿಗೆ ದಿನ ಕೇಳಲು, ತಪ್ಪಿಸಿಕೊಂಡ ದನ ಎಲ್ಲಿದೆಯೆಂದು ಕೇಳಲು ಜನ ಬರುತ್ತಿದ್ದರು. ತಮ್ಮನೆಂದರೆ ಅವನಿಗೆ ಜೀವ. ಎರಡು ದಿನ ಊಟ ಬಿಟ್ಟು ಲೆಕ್ಕ ಹಾಕಿದ.

"ನಿನ್ನ ಜಾತಕದ ಶನಿ ಅವನ ತಲೆ ಮೇಲೆ ಕೂತಿದೆ," ಎಂದ. "ಒಂದು ವರ್ಷ ಅಪ್ಪ ಮಗ ಮುಖ ನೋಡ್ಬಾರ್ದು. ಮಾಕುಟ್ಟದಲ್ಲಿ ನನ್ನ ಗುರ್ತದವರ ಹೋಟ್ಲುಂಟು. ನಾಳೆಯೇ ಹೊರಡು."

"ಪರೀಕ್ಷೆ ದೊಡ್ಡಪ್ಪ?"

"ನಿಂಗೆ ಅಪ್ಪ ಬೇಕಾ, ಪರೀಕ್ಷೆ ಬೇಕಾ?"

ಹೊರಡುವಾಗ ಉದಯ ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತ. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ. ಹೋಗಿ ಬರುತ್ತೇನೆಂದು ಆ ಬೆನ್ನಿಗೆ ಹೇಳಿ ಬಸ್ಸು ಹತ್ತಿದ.

ಮಾಕುಟ್ಟದ ಚೆಕ್‌ಪೋಸ್ಟಿನ ಬಳಿ ಲಾರಿಯವರು ಕುಡಿದ ಗ್ಲಾಸು ತೊಳೆಯುತ್ತಿದ್ದಾಗ ಮಳೆಗಾಲ ಹಿಡಿಯಿತು. ಅಪ್ಪ ಸತ್ತ ಸುದ್ದಿಯನ್ನು ಒಬ್ಬ ಬಸ್ ಕಂಡಕ್ಟರ್ ತಂದ. ಅಷ್ಟರಲ್ಲಿ ಸುಟ್ಟು ಬೂದಿಯೂ ಆಗಿತ್ತು. ಸತ್ತ ಮೇಲೂ ಮಗ ಮುಖ ನೋಡಬಾರದೆಂದು ದೊಡ್ಡಪ್ಪ ಸುದ್ದಿಯನ್ನೇ ಕಳಿಸಿರಲಿಲ್ಲ. ಉದಯ ಊರಿಗೆ ಹಿಂದಿರುಗಲಿಲ್ಲ. ಕೇರಳದ ಗಡಿ ದಾಟಿ ಇರಿಟ್ಟಿಗೆ ಇಳಿದು, ಒಂದು ಅಂಗಡಿಯಲ್ಲಿ ಮೋಟಾರ್ ವೈಂಡಿಂಗ್ ಕಲಿತ. ಬಹಳ ವರ್ಷಗಳ ಮೇಲೆ ಗೋಣಿಕೊಪ್ಪಲಿಗೆ ಬಂದು ಸ್ವಂತ ಅಂಗಡಿ ಹಾಕಿ, ಶ್ವೇತಳನ್ನು ಮದುವೆಯಾದ. ಮದುವೆಗೆ ಯಾರ ಜಾತಕವನ್ನೂ ತೋರಿಸಲಿಲ್ಲ. ದೊಡ್ಡಪ್ಪನನ್ನು ಕರೆಯಲೂ ಇಲ್ಲ.

*

ತೋಟದ ಮೂಲೆಯಲ್ಲಿ ಚಿತೆ ಸಿದ್ಧವಾದಾಗ ಪ್ರೇಮಾವತಿ ಒಬ್ಬಳೇ ಎದ್ದು ಬಂದಳು. ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಹೊತ್ತಿಸಿದ ಕೊಳ್ಳಿ. ಗಂಡಸರು ನೆಲ ನೋಡುತ್ತ ನಿಂತರು. ತಗ್ಗಿನಲ್ಲಿ ಅವಳ ಕಾಲು ಜಾರಿತು. ಉದಯ ಹೋಗಿ ಹಿಡಿದುಕೊಂಡ; ಹಿಡಿದ ಮೇಲೆ ಕೊಳ್ಳಿಯೂ ಅವನ ಕೈಗೆ ಬಂತು.

ಬೆಂಕಿ ಏರಿತು. ಈ ದಿನಕ್ಕಾಗಿ ತಾನು ಒಳಗೊಳಗೇ ಕಾದಿದ್ದೆ ಎಂಬುದು ಉದಯನಿಗೆ ಗೊತ್ತಿತ್ತು. ಆದರೆ ಮನಸ್ಸಿಗೆ ಯಾವ ನೆಮ್ಮದಿಯೂ ಆಗಲಿಲ್ಲ. ನಿಂತಲ್ಲಿ ನಿಲ್ಲಲಾಗದೆ ಕಾಫಿ ಗಿಡಗಳ ನಡುವೆ ಅತ್ತಿತ್ತ ತಿರುಗಿದ. ನಂದೀಶ್ ಹಿಂದೆಯೇ ಬಂದ.

"ನಿನ್ನ ಅಪ್ಪ ಹೋದ ಮೇಲೆ ಅವ್ರು ಯಾರಿಗೂ ಶಾಸ್ತ್ರ ಹೇಳ್ಲಿಲ್ಲ, ಗೊತ್ತುಂಟಾ? ನನ್ನ ಮದುವೆಗೆ ಮುಹೂರ್ತ ಕೇಳುಕೆ ಬಂದಿದ್ದೆ. ಹಾಲ್ ಯಾವತ್ತು ಖಾಲಿ ಉಂಟೋ ಅವತ್ತು ಮಾಡು ಅಂದ್ರು."

ನಂದೀಶ್ ನಕ್ಕ. ಉದಯನಿಗೆ ಇನ್ನಷ್ಟು ಸಿಟ್ಟು ಬಂತು. ಪಂಚಾಂಗದ ಮೇಲಿನ ನಂಬಿಕೆ ಬಿಡಲು ದೊಡ್ಡಪ್ಪನಿಗೆ ಅಪ್ಪನ ಸಾವೇ ಬೇಕಾಯಿತೇ? ಬಿಟ್ಟವನು ಅದನ್ನು ಒಮ್ಮೆ ಬಂದು ಹೇಳಬಾರದಿತ್ತೇ?

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳುಕೆ ಮುಖ ಬೇಡ್ವಾ?" ಎಂದ ನಂದೀಶ್.

*

ಹಿಂದಿರುಗಿ ಬರುವಾಗ ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ದೇರಪ್ಪ ಬಾಗಿಲಿಗೆ ಬೀಗ ಹಾಕಿ, ಅಡ್ಡಲಾಗಿ ಮುಳ್ಳಿನ ಕೊಂಬೆ ಇಡಿಸಿದ್ದ. ಜಗಲಿಯ ಮೇಲೆ ಪ್ರೇಮಾವತಿಯ ಸೀರೆಗಳ ಒಂದು ಗಂಟು, ಒಂದು ಚಾಪೆ.

ಆ ಗಂಟನ್ನು ನೋಡಿ ಉದಯ ನಿಂತುಬಿಟ್ಟ.

"ಬೀಗ ತೆಗೀರಿ ಮಾವ."

"ಎಂಥಕ್ಕೆ?"

"ದೊಡ್ಡವ್ವ ಇಲ್ಲೇ ಇರ್ತಾರೆ. ನಾನೂ ಇರ್ತೇನೆ. ಇಲ್ಲಿಂದಲೇ ಅಂಗಡಿಗೆ ಹೋಗಿ ಬರ್ತೇನೆ."

"ತಲೆ ಕೆಟ್ಟಿದ್ಯಾ? ಇದೇ ಮನೆಯಲ್ಲಿ ಇನ್ನೊಂದು ಸಾವು ಆಗ್ತದೆ ಅಂದಿದ್ದಾರೆ. ಮೊದಲೇ ನಿನ್ನ ಜಾತಕ ಹೇಗೆ ಅಂತ ಗೊತ್ತುಂಟಲ್ಲ."

"ಗೊತ್ತುಂಟು. ನನ್ನಂಥವ ಒಳಗೆ ಕೂತ್ರೆ ಆ ಪಂಚಕವೇ ಹೆದರ್ಬೇಕು."

ಯಾರೋ ಬಾಯಿಗೆ ಟವೆಲು ಒತ್ತಿಕೊಂಡು ನಗು ತಡೆದರು. ದೇರಪ್ಪ ನಗಲಿಲ್ಲ, ನಿಜವಾಗಿ ಹೆದರಿದ್ದ. ಅಕ್ಕನ ಕಡೆ ತಿರುಗಿದ. "ನೀನಾದ್ರೂ ಹೇಳಕ್ಕ."

"ನನ್ನ ಯಾರೂ ಕೇಳ್ಲೇ ಇಲ್ಲ," ಎಂದಳು ಪ್ರೇಮಾವತಿ. "ಕೀ ಕೊಡು."

ದೇರಪ್ಪ ಕೀಲಿಯನ್ನು ಕೈಗೆ ಕೊಡಲಿಲ್ಲ, ಜಗಲಿಯ ಮೇಲಿಟ್ಟ. ಉದಯ ಮುಳ್ಳನ್ನು ಎಳೆದು ಗಿಡಗಳೊಳಗೆ ಎಸೆದ. ಶ್ವೇತಳಿಗೆ ಫೋನ್ ಮಾಡಿದಾಗ ಅವಳು, "ಬೆಳಿಗ್ಗೆ ಬಟ್ಟೆ ತಕೊಂಡು ನಾನೇ ಬರ್ತೇನೆ," ಎಂದಳು.

ಅವನು ಸ್ನಾನ ಮಾಡಿ ಒದ್ದೆ ಮೈಯಲ್ಲಿ ನಿಂತಿದ್ದಾಗ ದೊಡ್ಡವ್ವ ಮಡಿಸಿಟ್ಟ ಪಂಚೆ, ಅಂಗಿ ತಂದಳು. ಪೂವಯ್ಯ ಸಂತೆಗೆ ಹಾಕುತ್ತಿದ್ದ ಕಂದು ಗೆರೆಯ ಅಂಗಿ. ಉದಯ ಕೈ ಚಾಚಲಿಲ್ಲ.

"ಅವರ ಮೇಲೆ ಕೋಪ ಉಂಟಾ ಇನ್ನೂ?"

"ಉಂಟು ದೊಡ್ಡವ್ವ."

"ಇರ್ಲಿ. ಚಳಿ ಆಗ್ತದೆ, ಹಾಕ್ಕೊ. ನಂದೀಶನ ಮನೆಯಿಂದ ಗಂಜಿ ಬಂದಿದೆ."

ಅಂಗಿ ಭುಜಕ್ಕೆ ಸರಿಯಾಗಿತ್ತು, ತೋಳು ಮಾತ್ರ ಉದ್ದ. ಅದನ್ನು ಮಡಚುತ್ತ ಒಳಗೆ ಹೋಗಿ ಕಿಟಕಿಗಳನ್ನು ಒಂದೊಂದಾಗಿ ತೆಗೆದ. ಅಪ್ಪ ಮಲಗುತ್ತಿದ್ದ ಕೋಣೆಯದು ಬಿಗಿದಿತ್ತು. ಮೊಣಕೈಯಿಂದ ಗುದ್ದಿದ ಮೇಲೆ ತೆರೆಯಿತು. ಕೆಳಗೆ ಜನ ಗೇಟು ದಾಟುತ್ತಿದ್ದರು. ಸದ್ದಿಗೆ ದೇರಪ್ಪ ತಿರುಗಿ ನೋಡಿದ. ಸಂಜೆಯ ಮಬ್ಬಿನಲ್ಲಿ ಅವನಿಗೆ ಕಂಡದ್ದು ಕಿಟಕಿಯಲ್ಲಿನ ಆ ಅಂಗಿ ಮಾತ್ರ. ಇಷ್ಟು ವರ್ಷ ಬಾವನಿಗೆ ಎತ್ತಿದಂತೆ ಕೈ ಎತ್ತಿದ. ಎತ್ತಿದ ಮೇಲೆ ಅದನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತ.

ಉದಯನೂ ಕೈ ಎತ್ತಿದ. ಕೈ ಇಳಿಸಿದಾಗ ಮಡಚಿದ ತೋಳು ಬಿಚ್ಚಿ ಬೆರಳುಗಳವರೆಗೆ ಇಳಿಯಿತು.