ನಲ್ಲಿ, ಮನೆಯೊಳಗೆ

ಮೆಟ್ಟಿಲ ಮೇಲೆ ಒದ್ದೆ ಚುಕ್ಕೆಗಳು, ಯಾರೋ ಈಗಷ್ಟೇ ಕೊಡ ತುಳುಕಿಸಿಕೊಂಡು ಹತ್ತಿ ಹೋಗಿರಬೇಕು, ತುಳಿಯಬಾರದೆಂದು ಡ್ರಿಲ್ ಮೇಷ್ಟ್ರು ಕಾಲು ಓರೆ ಇಟ್ಟು ಹತ್ತುತ್ತಿದ್ದಾರೆ, ಜನಗಣತಿಯ ಚೀಲ ಹೆಗಲಲ್ಲಿ, ಉಸಿರು ಗಂಟಲಲ್ಲಿ, ಐವತ್ತೆಂಟು, ಐವತ್ತೊಂಬತ್ತು, ಇಷ್ಟೊಂದು ಮೆಟ್ಟಿಲಿವೆಯೆಂದು ಗೊತ್ತೇ ಇರಲಿಲ್ಲ, ಹತ್ತು ವರ್ಷದ ಹಿಂದೆ ಈ ಗುಡ್ಡದ ಗಣತಿಯೂ ಇವರದೇ, ಆದರೆ ಅವತ್ತು ಹತ್ತಿದ್ದರೆ ತಾನೆ. ಹೊಸ ಬೂಟು ಕಚ್ಚುತ್ತಿತ್ತು. ಅಷ್ಟೇ, ಬೇರೆ ಕಾರಣ ಎಷ್ಟು ತಡಕಿದರೂ ಸಿಗುವುದಿಲ್ಲ, ಮಕ್ಕಳನ್ನು ಮೈದಾನದ ಸುತ್ತ ನಾಲಿಗೆ ಹೊರಬರುವಂತೆ ಓಡಿಸುವ ಮನುಷ್ಯ ಕೆಳಗೆ ಸೈಕಲ್ ಅಂಗಡಿಯ ಬೆಂಚಿನ ಮೇಲೆ ಬೂಟು ಬಿಚ್ಚಿ ಕೂತು, ರೇಷನ್ ಪಟ್ಟಿ ತರಿಸಿಕೊಂಡು, ಮೇಲಿನ ಹನ್ನೊಂದು ಮನೆಗಳ ಹೆಸರು, ವಯಸ್ಸು ಇಳಿಸಿಕೊಂಡಿದ್ದರು, ನೀರಿನ ಕಾಲಂ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತ್ತು, ಕೆಳಗಿನ ಬೀದೀಲಿ ನಲ್ಲಿ ಇದೆ ಅಂದ್ಮೇಲೆ ಮೇಲೂ ಇರುತ್ತೆ ಬಿಡಿ ಸಾರ್ ಅಂದಿದ್ದ ಸೈಕಲ್ ಅಂಗಡಿಯವ — ಇಲ್ಲ, ಅವನೇನೂ ಅನ್ನಲಿಲ್ಲ, ಅಂದುಕೊಂಡದ್ದು ತಾವೇ — ನಲ್ಲಿ, ಮನೆಯೊಳಗೆ, ನಲ್ಲಿ, ಮನೆಯೊಳಗೆ, ಹನ್ನೊಂದು ಸಲ, ದುಂಡನೆಯ ಅಕ್ಷರದಲ್ಲಿ.

ಕೊನೆಯ ಮನೆಯ ಸೊಸೆ ಚಾಪೆ ಕೊಡವಿ ಹಾಸುತ್ತಾಳೆ, ಕೂತ್ಕೊಳ್ಳಿ ಸಾರ್, ಈ ಮೆಟ್ಟಿಲು ಹತ್ತಿದವರಿಗೆ ಮಾತು ಬರೋಕೆ ಸ್ವಲ್ಪ ಹೊತ್ತು ಬೇಕು, ಗೋಡೆಗೆ ಒರಗಿದ ಮುದುಕಿ ಅವಳ ಅತ್ತೆ, ಕಣ್ಣು ಮಂಜು, ಎಷ್ಟು ಜನಮ್ಮ ಮನೇಲಿ, ನಾಲ್ಕು ಸಾರ್, ಮೊದಲು ಐದಿದ್ವಿ, ನೀರು ಎಲ್ಲಿಂದ — ಇವರು ಕೇಳುತ್ತಾರೆ, ಕೇಳಲೇಬೇಕು — ಕ್ವಾರಿ ಹೊಂಡದಿಂದ, ಸರಿಯಾಗಿ ಬರ್ಕೊಳ್ಳಿ ಸಾರ್, ಹೋದ್ಸಲ ಯಾವನೋ ಪುಣ್ಯಾತ್ಮ ಇಲ್ಲಿ ಮನೆಮನೇಲೂ ನಲ್ಲಿ ಇದೆ ಅಂತ ಬರೆದು ಹೋದ, ಪೈಪ್ ಹಾಕ್ಸಿ ಅಂತ ಅಲೆದು ಅಲೆದು ಚಪ್ಪಲಿ ಸವೀತು, ಲೆಕ್ಕದಲ್ಲಿ ನಲ್ಲಿ ಇದೆಯಲ್ಲಮ್ಮ ಅಂದ್ರು ಆಫೀಸಲ್ಲಿ, ಹಾಗಾದ್ರೆ ನೀವೇ ಬಂದು ತಿರುಗಿಸಿ ತೋರ್ಸಿ ಅಂದೆ ನಾನು. ನಗುತ್ತಾಳೆ. ನಗು ಅರ್ಧಕ್ಕೇ ನಿಲ್ಲುತ್ತದೆ. ನನ್ನ ನಾದಿನಿ ಆ ಹೊಂಡದ ಬಂಡೆ ಮೇಲೇ ಜಾರಿದ್ದು ಸಾರ್, ನಾವು ಹೋಗೋ ಹೊತ್ತಿಗೆ ಕೊಡ ಮಾತ್ರ ತೇಲ್ತಿತ್ತು.

ಹೆಣ್ಣು, ಹತ್ತೊಂಬತ್ತು, ಅವಿವಾಹಿತೆ, ಹೌದು, ಬರೆದಿದ್ದರು, ಅವಳ ಹೆಸರಿನ ಮುಂದೆಯೇ ಆ ನಲ್ಲಿಯನ್ನೂ ಬರೆದಿದ್ದರು, ಈಗ ಅವಳು ಹೊಂಡದಿಂದ ಎದ್ದು ಬರುತ್ತಿದ್ದಾಳೆ, ಸೊಂಟದ ಮೇಲೆ ಕೊಡ, ಒದ್ದೆ ತೋಳು, ಒದ್ದೆ ಕುತ್ತಿಗೆ, ಅದರ ಮೇಲೆ ಏನೂ ಇಲ್ಲ, ಪಟ್ಟಿಯಲ್ಲಿ ಮುಖಕ್ಕೆ ಕಾಲಂ ಇರುವುದಿಲ್ಲ. ನೀರಿನ ಕಾಲಂನಲ್ಲಿ ಮನೆಯಿಂದ ದೂರ ಎಂಬಲ್ಲಿ ಗುರುತು ಹಾಕುತ್ತಾರೆ, ಮುಗಿಯಿತು, ಎದ್ದು ಹೋಗಬಹುದು, ಯಾರಿಗೂ ಗೊತ್ತಾಗುವುದಿಲ್ಲ, ಅವಳು ಇನ್ನೂ ಬರುತ್ತಲೇ ಇದ್ದಾಳೆ, ಸೊಂಟದ ಮೇಲೆ ಕೊಡ — ಹೋದ್ಸಲ ಬರೆದವನು ನಾನೇ ಕಣಮ್ಮ.

ಬಾಯಿಂದ ಬಂದೇಬಿಟ್ಟಿತು. ಸೊಸೆ ಉಗಿಯಲಿ, ಚೀಲ ಕಿತ್ತು ಮೆಟ್ಟಿಲ ಮೇಲೆ ಎಸೆಯಲಿ ಎಂದು ಕಾದರು, ಅಷ್ಟರಲ್ಲಿ ಮುದುಕಿ ತೆವಳಿಕೊಂಡು ಬಂದು ಅವರ ಕೈ ಹುಡುಕಿ ಹಿಡಿದಳು, ನೀನೇ ಬಂದಿದ್ಯೇನಪ್ಪ ಅವತ್ತು, ಹಾಗಾದ್ರೆ ನನ್ನ ಮಗಳನ್ನ ನೋಡಿರ್ತೀಯ, ಒಂದು ಫೋಟೋನೂ ಇಲ್ಲಪ್ಪ ನಮ್ಮ ಹತ್ರ, ನನಗೂ ಈಗೀಗ ಮುಖ ಮಸುಕಾಗ್ತಿದೆ, ಹೇಳಪ್ಪ, ಹೇಗಿದ್ಲು — ನೋಡಿಲ್ಲ ಅನ್ನಬೇಕು, ಮುದುಕಿಯ ಬೆರಳು ಬಿಗಿಯಾಗುತ್ತಿದೆ, ಹೇಗಿದ್ದಳು, ಹೇಗಿದ್ದಳು, ಬರುತ್ತಿದ್ದಾಳೆ, ಹತ್ತಿರ, ಸೊಂಟದ ಮೇಲೆ ಕೊಡ, ಒದ್ದೆ ತೋಳು, ಒದ್ದೆ ಕುತ್ತಿಗೆ, ಕುತ್ತಿಗೆಯ ಮೇಲೆ —