ಗೋಡೆಗೆ ಬಂದ ತಂತಿ

ಪುಣೆಯ ಪೇಟೆಗಳು ಉಬ್ಬುತ್ತಿದ್ದ ಕಾಲ. ವಿದ್ಯುತ್ ಕಂಪನಿಯವರು ಒಂದೊಂದೇ ಓಣಿಗೆ ತಂತಿ ಎಳೆಯುತ್ತ ನಮ್ಮ ಓಣಿಯ ಬಾಯಿಗೆ ಬಂದು ನಿಂತರು. ಕಂಬ ನೆಟ್ಟರೆ ಟಾಂಗಾ ತಿರುಗುವುದಿಲ್ಲ. ಮೂಲೆಮನೆಯ ಗೋಡೆಗೆ ಕಬ್ಬಿಣದ ತೋಳು ಬಡಿದರೆ ಮಾತ್ರ ತಂತಿ ಮುಂದೆ ಹೋಗುತ್ತದೆ, ಅದಕ್ಕೆ ಮನೆಯವರ ಸಹಿ ಬೇಕು ಎಂದರು. ಆ ಮನೆ ವಿಧವೆ ರಂಗೂಬಾಯಿಯವರದು. ಅವರ ಮಾಳಿಗೆಯಲ್ಲಿ ಗುಮಾಸ್ತನಾದ ನಾನು ಬಾಡಿಗೆಗಿದ್ದೆ.

ತಂತಿ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ಬೆಳಗಾವಿಯ ವ್ಯಾಪಾರಿ ಸಿದ್ರಾಮಪ್ಪನಿಗೆ. ರಂಗೂಬಾಯಿಯವರ ಹಿತ್ತಲಿಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ ಕಟ್ಟಿ, ಮೋಟಾರು ತಂದು ಕೂಡಿಸಿದ್ದ. ಅದು ತಿರುಗಿದರೆ ತಮ್ಮ ಮಣ್ಣಿನ ಗೋಡೆ ನಿಲ್ಲುವುದಿಲ್ಲವೆಂದು ಅವರು ಸಹಿ ಹಾಕಲಿಲ್ಲ. ಓಣಿಗೆ ದೀಪ ತಪ್ಪಿದ್ದು ಇವರಿಂದಲೇ ಎಂದು ಸಿದ್ರಾಮಪ್ಪ ಓಣಿಯವರ ಕಿವಿ ಊದಿದ. ದೀಪದ ಆಸೆಗೆ ನಮ್ಮ ಕನ್ನಡದ ಹೆಂಗಸರೇ ನಳದ ಹತ್ತಿರ ಅವರ ಕೊಡವನ್ನು ಹಿಂದಕ್ಕೆ ತಳ್ಳಿದರು. ಇಂಥ ಜನರ ನಡುವೆ ಬದುಕಿದ್ದಕ್ಕೆ ನನಗೆ ಈಗಲೂ ಹೇಸಿಗೆ.

ರಂಗೂಬಾಯಿಯವರ ಜೀವವೆಲ್ಲ ಧಾರವಾಡದಲ್ಲಿತ್ತು. ಮಗಳು ಇಂದೂ ದಿನ ತುಂಬಿದ ಬಸುರಿ. ಹಿಂದಿನ ಹೆರಿಗೆಯಲ್ಲಿ ಸತ್ತು ಬದುಕಿದವಳು. ಬೀಗರು ಕರೆಯದೆ ಹೋಗುವಂತಿರಲಿಲ್ಲ. ಹೊತ್ತು ಬಂದಾಗ ಅಂಚೆಕಚೇರಿಯಿಂದ ತಂತಿ ಕೊಡುತ್ತೇನೆಂದು ಅಳಿಯ ತಿಳಿಸಿದ್ದ. ತಂತಿ ಬಂದ ಸಂಜೆಯೇ ಗಾಡಿ ಹತ್ತಲು ಅವರು ಗಂಟು ಕಟ್ಟಿಟ್ಟಿದ್ದರು. ಇದು ಸಿದ್ರಾಮಪ್ಪನಿಗೂ ಗೊತ್ತಿತ್ತು.

ನಾನು ಕಚೇರಿಗೆ ಹೋದ ಹೊತ್ತು ನೋಡಿ ಅವನು ಅಂಚೆಯವನಂತೆ ಖಾಕಿ ಕೋಟು ತೊಟ್ಟ ಒಬ್ಬನನ್ನು ಕಳಿಸಿದ.

"ತಂತಿ ಬಂದದ್ರಿ ಬಾಯಾರ. ಇಲ್ಲಿ ಸಹಿ ಹಾಕ್ರಿ."

ಧಾರವಾಡದ ತಂತಿಯೆಂದೇ ರಂಗೂಬಾಯಿಯವರು ಓಡಿ ಬಂದರು. ಏನು, ಎತ್ತ ಎಂದು ನೋಡದೆ ಸಹಿ ಹಾಕಿ ಕೈ ಚಾಚಿದರೆ ಅವನು ಕಾಗದ ಮಡಚಿಕೊಂಡು ನಡೆದುಬಿಟ್ಟ. ಹಿಂದೆಯೇ ಕಂಪನಿಯ ಆಳುಗಳು ಏಣಿ ಹೊತ್ತು ಬಂದು, ಆ ಒಪ್ಪಿಗೆಯ ಮೇಲೆ ಗೋಡೆ ಕೊರೆದರು.

ನಾನು ಗಿರಣಿಗೆ ಹೋಗಿ ಜಗಳ ತೆಗೆದೆ. ಸಿದ್ರಾಮಪ್ಪ ಎಲೆ ಅಗಿಯುತ್ತ ನಕ್ಕ. "ಸುಳ್ಳ ಎಲ್ಲಿ ಹೇಳೇವ್ರಿ? ತಂತಿ ಬಂದದ, ಮ್ಯಾಲ ನೋಡ್ರಿ." ಅವನ ಆಳುಗಳು ನನ್ನನ್ನು ಹೊರಗೆ ದಬ್ಬಿದರು.

ಆ ಮಾತು ಓಣಿಗೆಲ್ಲ ತಮಾಷೆಯಾಯಿತು. ಪುಂಡರು ಹೋಗುತ್ತ ಬರುತ್ತ ಬಾಗಿಲು ಬಡಿದು, ತಂತಿ ಬಂತು ಎಂದು ಕೂಗಿ ಓಡುತ್ತಿದ್ದರು. ಮೊದಮೊದಲು ರಂಗೂಬಾಯಿಯವರು ಎದ್ದು ಬರುತ್ತಿದ್ದರು. ಆಮೇಲೆ ಅಗಳಿ ಹಾಕಿ ಕೂತರು.

ಒಂದು ಮಧ್ಯಾಹ್ನ ನಿಜವಾದ ಅಂಚೆಯವನು ಬಂದ. ಬಡಿದ, ಕೂಗಿದ. ಒಳಗಿನಿಂದ ಬರೀ ಬೈಗುಳ ಬಂತು. ಅವನು ಬೇಸತ್ತು ತಂತಿಯನ್ನು ಹಿಂದಕ್ಕೆ ಒಯ್ದ.

ಮರುದಿನ ವಿಷಯ ತಿಳಿದು ನಾನು ಅಂಚೆಕಚೇರಿಗೆ ಓಡಿ ಅದನ್ನು ತಂದು ಓದಿದೆ. ಇಂದೂಗೆ ಜೀವದ ಮೇಲೆ ಬಂದಿದೆ, ಕೂಡಲೇ ಬನ್ನಿ ಎಂದಿತ್ತು. ರಂಗೂಬಾಯಿಯವರನ್ನು ನಾನೇ ಧಾರವಾಡಕ್ಕೆ ಕರೆದೊಯ್ದೆ. ನಾವು ಮುಟ್ಟುವಷ್ಟರಲ್ಲಿ ಇಂದೂವನ್ನು ಸುಟ್ಟು ಬಂದಿದ್ದರು. ಅವ್ವ ಬಂದಳೇ ಎಂದು ಕೇಳುತ್ತಲೇ ಹೋದಳಂತೆ.

ಪುಣೆಗೆ ತಿರುಗಿ ಬಂದ ದಿನ ಸಿದ್ರಾಮಪ್ಪ ಮೋಟಾರು ನಿಲ್ಲಿಸಿ ಮಾತಾಡಿಸಲು ಬಂದ. ರಂಗೂಬಾಯಿಯವರು ಅವನನ್ನು ಹೊಸ್ತಿಲಲ್ಲೇ ತಡೆದರು.

"ನಿನ್ನ ತಂತಿ ಗೋಡಿಗೆ ಬಂತು. ನನ್ನ ತಂತಿ ಬಾಗಲದ ತನಕಾ ಬಂದು ಹೊಳ್ಳಿ ಹೋತು. ಇನ್ನ ಯಾಕ ನಿಂತೀದಿ? ಹೋಗು, ಗಿರಣಿ ಚಾಲೂ ಮಾಡು."

ಅವನು ತಲೆ ತಗ್ಗಿಸಿ ಹೋದ. ಹೋಗಿ ಗಿರಣಿ ಚಾಲೂ ಮಾಡಿದ.